ಎರಡು ಬೆರಳು ತೂರುವ ಕಣ್ಣು

ಶ್ರೋತೃಗಳಿಗೆ ನಮಸ್ಕಾರ.

ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಪೇಟೆಗೆ ಬರುವ ಮೀನು ಕಡಿಮೆಯಾಗಿ ಬೆಲೆ ಏರುತ್ತದೆ. ಅದೇ ಹೊತ್ತಿಗೆ ಮಳೆ ಹಿಡಿದು ಹೊಳೆ, ಕೆರೆ, ತೋಡುಗಳು ತುಂಬಿಕೊಳ್ಳುತ್ತವೆ. ಆಗ ಕರಾವಳಿಯ ಮತ್ತು ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೆ ಹುಡುಕಾಟ ಶುರುವಾಗುತ್ತದೆ. ಮುರಿದ ಕೊಡೆ, ತುಕ್ಕು ಹಿಡಿದ ಸೈಕಲ್ ರಿಮ್ಮು, ಸವೆದ ಹವಾಯಿ ಚಪ್ಪಲಿ, ಹರಿದ ಸೊಳ್ಳೆಪರದೆ, ಇವೆಲ್ಲ ಕೆಳಗಿಳಿದು ಮೀನು ಹಿಡಿಯುವ ಸಾಧನಗಳಾಗುತ್ತವೆ. ಈ ಸಾಧನಗಳ ಬಗ್ಗೆಯೇ ಮಾತನಾಡಬೇಕೆಂದು ಆಕಾಶವಾಣಿಯವರು ನನ್ನನ್ನು ಕರೆದಿದ್ದಾರೆ. ಮೀನುಗಾರಿಕೆ ಕಲಿಸುವ ಕೆಲಸದಲ್ಲೇ ಮೂವತ್ತು ವರ್ಷ ಕಳೆದವಳು ನಾನು. ಇದಕ್ಕಿಂತ ಇಷ್ಟದ ವಿಷಯ ನನಗೆ ಬೇರೆ ಇಲ್ಲ.

ಮನೆಯ ವಸ್ತುಗಳಿಂದ ಮೀನು ಹಿಡಿಯಿರಿ, ಖಂಡಿತ ಹಿಡಿಯಿರಿ. ಆದರೆ ನನ್ನದೊಂದು ಮಾತಿದೆ, ಇವತ್ತು ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ: ನೀವು ಮಾಡುವ ಸಾಧನ ಯಾವುದೇ ಇರಲಿ, ಮರಿಮೀನು ಅದರಿಂದ ತಪ್ಪಿಸಿಕೊಂಡು ಹೋಗುವಂತಿರಬೇಕು. ಬಲೆಯಲ್ಲಿರುವ ರಂಧ್ರಕ್ಕೆ ನಾವು ಕಣ್ಣು ಎನ್ನುತ್ತೇವೆ. ತೋರುಬೆರಳು ಮತ್ತು ನಡುಬೆರಳನ್ನು ಜೋಡಿಸಿ ಆ ಕಣ್ಣಿಗೆ ತೂರಿಸಿ ನೋಡಿ. ಎರಡೂ ಬೆರಳು ಸಲೀಸಾಗಿ ತೂರಿದರೆ ಅದು ಬಲೆ. ತೂರದಿದ್ದರೆ ಅದನ್ನು ನೀರಿಗೆ ಇಳಿಸಬೇಡಿ.

ಮೊದಲು ಎಲ್ಲಕ್ಕಿಂತ ಸುಲಭವಾದ ಕೈಗಾಳವನ್ನು ನೋಡೋಣ. ಇದಕ್ಕೆ ಬೇಕಾದದ್ದು ಒಂದು ಬಾಟಲಿ. ತೆಳುವಾದ ನೀರಿನ ಬಾಟಲಿ ಬೇಡ, ನೈಲಾನ್ ದಾರ ಬಿಗಿದಾಗ ಅದು ಮುದುಡಿಹೋಗುತ್ತದೆ. ಸೋಡಾ ತುಂಬಿ ಬರುವ ಗಟ್ಟಿ ಬಾಟಲಿಯನ್ನು ತೆಗೆದುಕೊಳ್ಳಿ. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿಡಿ, ಆಗ ಕೈಜಾರಿ ನೀರಿಗೆ ಬಿದ್ದರೂ ಅದು ತೇಲುತ್ತದೆ. ದಾರದ ಒಂದು ತುದಿಯನ್ನು ಬಾಟಲಿಯ ಕುತ್ತಿಗೆಗೆ ಕಟ್ಟಿ, ಉಳಿದದ್ದನ್ನು ಹೊಟ್ಟೆಯ ಮೇಲೆ ಸಾಲಾಗಿ ಸುತ್ತಿ. ಎಸೆಯುವಾಗ ಎಡಗೈಯಲ್ಲಿ ಕುತ್ತಿಗೆಯನ್ನು ಹಿಡಿದು ಬಾಟಲಿಯ ತಳ ನೀರಿನ ಕಡೆ ಇರುವಂತೆ ಚಾಚಿ, ಬಲಗೈಯಿಂದ ಭಾರ ಕಟ್ಟಿದ ತುದಿಯನ್ನು ಎರಡು ಸುತ್ತು ಬೀಸಿ ಬಿಟ್ಟುಬಿಡಿ. ದಾರವು ಬಾಟಲಿಯ ತಳದಿಂದ ಸುರುಳಿ ಸುರುಳಿಯಾಗಿ ಸರ್ರನೆ ಬಿಚ್ಚಿಕೊಂಡು ಹೋಗುತ್ತದೆ. ಒಂದು ಗಂಟೆ ಅಭ್ಯಾಸ ಮಾಡಿದರೆ ಹತ್ತು ವರ್ಷದ ಮಕ್ಕಳೂ ಅಳಿವೆಯ ದಂಡೆಯಿಂದ ಚೆನ್ನಾಗಿ ಎಸೆಯಬಲ್ಲರು.

ಭಾರಕ್ಕೆ ಸೀಸದ ಗುಂಡು ಕೊಳ್ಳಬೇಕಾಗಿಲ್ಲ. ಗ್ಯಾರೇಜಿನಲ್ಲಿ ಎಸೆಯುವ ಹಳೆಯ ಸ್ಪಾರ್ಕ್ ಪ್ಲಗ್ ಕೇಳಿ ತನ್ನಿ. ಕೈಗಾಳಕ್ಕೆ ಹೇಳಿ ಮಾಡಿಸಿದಷ್ಟೇ ತೂಕ ಅದಕ್ಕಿದೆ, ದಾರ ಕಟ್ಟಲು ನಡುವೆ ತಗ್ಗೂ ಇದೆ, ಬಂಡೆಗೆ ಸಿಕ್ಕಿ ಹರಿದುಹೋದರೆ ಹಣ ಹೋಯಿತೆಂಬ ಸಂಕಟವಿಲ್ಲ. ತೇಲಿಸುವ ಬೆಂಡಿಗೆ ಹವಾಯಿ ಚಪ್ಪಲಿಯ ತುಂಡು ಸಾಕು. ಅದರ ಒಳಗಿರುವ ಗಾಳಿಗುಳ್ಳೆಗಳು ಒಂದೊಂದೂ ಬೇರೆಬೇರೆಯಾಗಿ ಮುಚ್ಚಿಕೊಂಡಿರುವುದರಿಂದ ನೀರು ಹೀರದೆ ತೇಲುತ್ತದೆ. ಥರ್ಮಾಕೋಲ್ ಮಾತ್ರ ಬೇಡ. ಅದು ಉದುರಿ ನೀರು ತುಂಬ ಬಿಳಿ ಕಾಳಾಗಿ ಹರಡುತ್ತದೆ, ಮೀನು ಅದನ್ನು ಮೇವೆಂದು ನುಂಗುತ್ತದೆ. ಮೇವಿನ ಮಾತು ಬಂದದ್ದರಿಂದ ಹೇಳುತ್ತೇನೆ: ಗಾಳಕ್ಕೆ ಚುಚ್ಚುವ ತಿನಿಸಿಗೆ ಕನ್ನಡದಲ್ಲಿ ಎರೆ ಎಂದೇ ಹೆಸರು, ಎರೆಗೆ ಬಳಸುವ ಹುಳುವೇ ಎರೆಹುಳು. ರೈತರು ಅದನ್ನು ಗೊಬ್ಬರದ ಹುಳು ಎಂದುಕೊಳ್ಳುವ ಎಷ್ಟೋ ಕಾಲದ ಮೊದಲೇ ಮೀನು ಹಿಡಿಯುವವರು ಅದಕ್ಕೆ ಹೆಸರಿಟ್ಟಿದ್ದರು.

ಒಂದು ವಸ್ತುವನ್ನು ಮಾತ್ರ ಅಂಗಡಿಯಿಂದಲೇ ತನ್ನಿ, ಅದು ಗಾಳದ ಕೊಕ್ಕೆ. ಸೀರೆಯ ಪಿನ್ನನ್ನು ಬಗ್ಗಿಸಿ ಗಾಳ ಮಾಡಿದೆವೆಂದು ಹೆಮ್ಮೆಪಡುವವರನ್ನು ನಾನು ಬಹಳ ಕಂಡಿದ್ದೇನೆ. ದೊಡ್ಡ ಮೀನು ಎಳೆದಾಗ ಪಿನ್ನು ನೆಟ್ಟಗಾಗುತ್ತದೆ, ಮೀನು ಬಾಯಿ ಹರಿದುಕೊಂಡು ಹೋಗುತ್ತದೆ. ಸಿಕ್ಕಿಬೀಳುವುದು ಮರಿ ಮಾತ್ರ. ಕೊಕ್ಕೆಯ ಬಾಯಿ ನಿಮ್ಮ ಕಿರುಬೆರಳಿನ ಉಗುರಿಗಿಂತ ಚಿಕ್ಕದಿರಬಾರದು. ಆಗ ಕೆಂಬೇರಿಯಂಥ ಅಗಲ ಬಾಯಿಯ ಮೀನು ಕಚ್ಚುತ್ತದೆ, ಮರಿಮೀನು ಎರೆಯ ಅಂಚನ್ನು ಚೀಪಿಕೊಂಡು ಹೋಗುತ್ತದೆ. ಹೋಗಲಿ, ನಮಗೆ ಬೇಕಾದದ್ದೂ ಅದೇ.

ಇನ್ನು ನನ್ನ ಮೆಚ್ಚಿನ ವಸ್ತು, ಅಡುಗೆಮನೆಯ ಚಮಚ. ಅಮೆರಿಕದ ವರ್ಮಾಂಟ್ ಪ್ರಾಂತ್ಯದ ಜೂಲಿಯೋ ಬ್ಯೂಯೆಲ್ ಎಂಬಾತ ಹುಡುಗನಾಗಿದ್ದಾಗ ದೋಣಿಯಲ್ಲಿ ಕುಳಿತು ಊಟ ಮಾಡುತ್ತಿದ್ದನಂತೆ. ಕೈಯಿಂದ ಚಮಚ ಜಾರಿ ನೀರಿಗೆ ಬಿತ್ತು. ಅದು ಹೊಳೆಯುತ್ತ, ಹೊರಳುತ್ತ ಮುಳುಗುತ್ತಿದ್ದಾಗ ಒಂದು ಮೀನು ಮೇಲೆರಗಿ ಅದನ್ನು ಹಿಡಿಯಿತು ಎಂದು ಕಥೆ ಹೇಳುತ್ತಾರೆ. ಆತ 1852ರಲ್ಲಿ ಚಮಚದ ಗಾಳಕ್ಕೆ ಪೇಟೆಂಟ್ ಪಡೆದದ್ದು ಮಾತ್ರ ಕಥೆಯಲ್ಲ, ದಾಖಲೆ. ನೀವೂ ಮಾಡಿ ನೋಡಿ. ಹಳೆಯ ತೆಳು ಚಮಚದ ಹಿಡಿಯನ್ನು ಕತ್ತರಿಸಿ, ಎರಡೂ ತುದಿಗೆ ಒಂದೊಂದು ತೂತು ಕೊರೆಸಿ. ಬೈಕ್ ರಿಪೇರಿ ಮಾಡುವವರು ಎರಡು ನಿಮಿಷದಲ್ಲಿ ಕೊರೆದುಕೊಡುತ್ತಾರೆ. ಅಂಚನ್ನು ಕಲ್ಲಿಗೆ ಉಜ್ಜಿ ನಯ ಮಾಡಿ, ಇಲ್ಲದಿದ್ದರೆ ಅದೇ ನಿಮ್ಮ ದಾರವನ್ನು ಕುಯ್ಯುತ್ತದೆ. ಬೀಗದಕೈ ಗೊಂಚಲಿನ ಸಣ್ಣ ಉಂಗುರದಿಂದ ಅಗಲ ತುದಿಗೆ ಕೊಕ್ಕೆಯನ್ನು ಸೇರಿಸಿ, ಕಿರಿದಾದ ತುದಿಗೆ ದಾರ ಕಟ್ಟಿ. ನೀರಿನಲ್ಲಿ ಎಳೆದಾಗ ಚಮಚದ ಕುಳಿಗೆ ನೀರು ಬಡಿದು ಅದು ಆಚೀಚೆ ಓಲಾಡುತ್ತದೆ, ಗಾಯಗೊಂಡ ಸಣ್ಣ ಮೀನಿನ ಹಾಗೆ ಮಿನುಗುತ್ತದೆ. ಬೇಟೆಯಾಡುವ ಕೊರಮೀನಿಗೆ ಅದನ್ನು ನೋಡಿ ಸುಮ್ಮನಿರಲಾಗದು. ಚಮಚದ ಗುಣವೇನೆಂದರೆ, ಅದು ಮರಿಯನ್ನು ಹಿಡಿಯುವುದೇ ಇಲ್ಲ, ಚಮಚದಷ್ಟು ಬಾಯಿ ಮರಿಗೆಲ್ಲಿದೆ? ಆದ್ದರಿಂದಲೇ ಅದು ನನಗೆ ಅಷ್ಟೊಂದು ಮೆಚ್ಚು.

ಕೊರಮೀನಿನ ಹೆಸರು ಬಂದ ಮೇಲೆ ನನ್ನ ಬಾಲ್ಯದ ಒಂದು ಘಟನೆಯನ್ನು ಹೇಳದೆ ಮುಂದೆ ಹೋಗಲಾರೆ. ನನ್ನ ಸೋದರಮಾವನ ಮನೆ ಕುಂದಾಪುರದ ಒಳಭಾಗದ ಒಂದು ಹಳ್ಳಿಯಲ್ಲಿತ್ತು. ಮಾವ ಮಳೆಗಾಲದಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದರು. ಮನೆಯ ಜಗಲಿಯೇ ಅಂಗಡಿ, ಸುತ್ತ ಮುರಿದ ಕೊಡೆಗಳ ರಾಶಿ. ಉದ್ದಕ್ಕೂ ತಗ್ಗು ಗೆರೆಯಿರುವ ಉಕ್ಕಿನ ಕಡ್ಡಿಯೊಂದನ್ನು ಅವರು ವಾಟೆಯ ಕೋಲಿನ ತುದಿಗೆ ಬಿಗಿದು ಗಾಳದ ಕೋಲು ಮಾಡಿಕೊಂಡಿದ್ದರು. ಮೀನು ಮುಟ್ಟಿದರೂ ಸಾಕು, ಆ ಕಡ್ಡಿ ತಲೆಬಾಗಿ ಸುದ್ದಿ ಹೇಳುತ್ತಿತ್ತು. ನನಗಾಗ ಹತ್ತು ವರ್ಷ. ಮಾವನನ್ನು ನೋಡಿ ನಾನೂ ಒಂದು ಕಡ್ಡಿಯನ್ನು ಬಳೆಯಾಗಿ ಬಗ್ಗಿಸಿ, ಅದಕ್ಕೆ ಹರಿದ ಸೊಳ್ಳೆಪರದೆಯನ್ನು ಚೀಲದಂತೆ ಹೊಲಿದು, ನನ್ನದೇ ಒಂದು ಕೈಬಲೆ ಮಾಡಿಕೊಂಡೆ.

ಮನೆಯ ಹಿಂದೆ ಒಂದು ಮದಗವಿತ್ತು. ಒಂದು ಬೆಳಿಗ್ಗೆ ಹೋಗಿ ನೋಡುತ್ತೇನೆ, ನೀರಿನ ಮೇಲೆ ಊಟದ ತಟ್ಟೆಯಷ್ಟು ಅಗಲದ ಕೆಂಪು. ಯಾರೋ ಕುಂಕುಮ ಚೆಲ್ಲಿದ್ದಾರೆ ಎಂದುಕೊಂಡೆ. ಆದರೆ ಆ ಕೆಂಪು ಚಲಿಸುತ್ತಿತ್ತು. ಒಮ್ಮೆ ಮೇಲೆ ಬಂದು ನೀರನ್ನು ಕುದಿಯುವಂತೆ ಮಾಡಿ, ಮತ್ತೆ ಒಟ್ಟಾಗಿ ಕೆಳಗಿಳಿಯುತ್ತಿತ್ತು. ಮೀನಿನ ಹಿಂಡು ಎಂದು ತಿಳಿದದ್ದೇ ತಡ, ನನ್ನ ಕೈಬಲೆಯನ್ನು ಅದರ ಅಡಿಗೆ ತೂರಿಸಿ ಎತ್ತಿದೆ. ಒಂದೇ ಎತ್ತಿಗೆ ಅರ್ಧಕ್ಕಿಂತ ಹೆಚ್ಚು ಬಂತು. ಅಲ್ಯೂಮಿನಿಯಂ ಪಾತ್ರೆಗೆ ಸುರಿದುಕೊಂಡು ಜಗಲಿಗೆ ಓಡಿದೆ.

ಮಾವ ಕೈಯಲ್ಲಿದ್ದ ಕೊಡೆಯನ್ನು ಬದಿಗಿಟ್ಟರು. ಪಾತ್ರೆಯಿಂದ ಬೊಗಸೆ ನೀರೆತ್ತಿ ನನ್ನ ಮುಖದ ಹತ್ತಿರ ಹಿಡಿದರು. ಭತ್ತದ ಕಾಳಿನಷ್ಟು ಉದ್ದದ ಮರಿಗಳು, ಕಿತ್ತಳೆಗೆಂಪು ಮೈ, ತಲೆಯಲ್ಲಿ ಎರಡು ಕಪ್ಪು ಚುಕ್ಕಿಗಳಂಥ ಕಣ್ಣು. "ಇದ್ರಗೆ ಒಂದಾರೂ ತಿಂಬುಕೆ ಆತ್ತಾ ಮಗಾ?" ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನನ್ನಲ್ಲಿ ಉತ್ತರವಿರಲಿಲ್ಲ. ಪಾತ್ರೆಯನ್ನು ನನ್ನ ಕೈಗೇ ಕೊಟ್ಟು ಮದಗಕ್ಕೆ ಕರೆದುಕೊಂಡು ಹೋದರು. ನಾನು ಬಲೆ ಹಾಕಿದ ಜಾಗದಲ್ಲೇ ಎರಡು ದೊಡ್ಡ ಕೊರಮೀನುಗಳು ಸುತ್ತುತ್ತಿದ್ದವು. ಮೇಲೆ ಬರುವುದು, ಗುಳಕ್ಕನೆ ಗಾಳಿ ಎಳೆದುಕೊಳ್ಳುವುದು, ಮುಳುಗಿ ಮತ್ತೆ ಅಲ್ಲೇ ಬರುವುದು. ಕೊರಮೀನಿನ ಜೋಡಿ ತಮ್ಮ ಮರಿಗಳನ್ನು ವಾರಗಟ್ಟಲೆ ಹೀಗೆ ಕಾಯುತ್ತದೆ ಎಂಬುದನ್ನು ನಾನು ಮುಂದೆ ಕಾಲೇಜಿನಲ್ಲಿ ಓದಿದೆ, ಆದರೆ ತಿಳಿದದ್ದು ಅಂದೇ. ಮಾವ ಮೊಣಕಾಲುದ್ದ ನೀರಿಗಿಳಿದು, ಪಾತ್ರೆಯನ್ನು ಮೆಲ್ಲನೆ ಬಾಗಿಸಿದರು. ಬದುಕಿದ್ದ ಮರಿಗಳು ಒಂದು ಕೆಂಪು ಎಳೆಯಾಗಿ ಹೊರಟು ದೊಡ್ಡ ಮೀನುಗಳ ಕಡೆಗೆ ಹೋದವು. ಸೊಳ್ಳೆಪರದೆಯ ಕಣ್ಣಿಗೆ ರೆಕ್ಕೆ ಸಿಕ್ಕಿಕೊಂಡು ಸತ್ತವು ಪರದೆಯಲ್ಲೇ ಅಂಟಿಕೊಂಡಿದ್ದವು. ಅವನ್ನು ಬಾಳೆಲೆಯ ಮೇಲೆ ಒಂದೊಂದಾಗಿ ಬಿಡಿಸಿಟ್ಟು ಎಣಿಸು ಎಂದರು. 112ರವರೆಗೆ ಎಣಿಸಿದೆ, ಆಮೇಲೆ ಅಳು ಬಂತು. ಎಲೆಯಲ್ಲಿ ಇನ್ನೂ ಉಳಿದಿದ್ದವು.

ಮರುದಿನ ಮಾವ ಆ ಬಳೆಯಿಂದ ಸೊಳ್ಳೆಪರದೆಯನ್ನು ಬಿಚ್ಚಿ, ಹಳೆಯ ಮೀನಿನ ಬಲೆಯ ತುಂಡೊಂದನ್ನು ಕಟ್ಟಿಕೊಟ್ಟರು. ಕಟ್ಟುವ ಮೊದಲು ಎರಡು ಬೆರಳು ಜೋಡಿಸಿ ಅದರ ಕಣ್ಣಿಗೆ ತೂರಿಸಿ ನೋಡಿದರು. ಈಗ ನಾನು ನಿಮಗೆ ಹೇಳುತ್ತಿರುವ ಅಳತೆ ಅವರದ್ದೇ. ಆ ಬಳೆ ಇಂದಿಗೂ ನನ್ನ ಮನೆಯಲ್ಲಿದೆ.

ಸೊಳ್ಳೆಪರದೆಯ ಕಣ್ಣು 1.5 ಮಿ.ಮೀ. ಆಸುಪಾಸಿನದು. ಸೊಳ್ಳೆಯೇ ನುಸುಳದಲ್ಲಿ ಮೀನಿನ ಮರಿ ನುಸುಳುವುದು ಹೇಗೆ? ಇನ್ನು ಮಲೇರಿಯಾ ತಡೆಯಲು ಕೊಡುವ ಔಷಧಿ ಲೇಪಿಸಿದ ಪರದೆಯಾದರೆ, ಅದರಲ್ಲಿರುವ ಡೆಲ್ಟಾಮೆಥ್ರಿನ್‌ನಂಥ ಕೀಟನಾಶಕ ಮೀನಿಗೂ ಸೀಗಡಿಗೂ ನೇರ ವಿಷ. ಆಫ್ರಿಕಾದ ಟ್ಯಾಂಗನ್ಯೀಕಾ ಸರೋವರದ ದಂಡೆಯಲ್ಲಿ ಮಲೇರಿಯಾಕ್ಕೆಂದು ಹಂಚಿದ ಪರದೆಗಳು ಮೀನಿನ ಬಲೆಗಳಾಗಿ ನೀರಿಗಿಳಿದಿವೆ. ನಮ್ಮಲ್ಲಿ ಅದು ಆಗಬಾರದು. ಪರದೆ ಮಂಚದ ಮೇಲಿರಲಿ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರಿ ಬರುವ ಹತ್ತುಮೀನಿಗೆ ತೋಡಿನಲ್ಲಿ ಹಳೆಯ ಸೀರೆಯನ್ನು ಅಡ್ಡ ಕಟ್ಟುವವರಿಗೂ ಇದೇ ಮಾತು. ಅವು ಬರುವುದು ಮೊಟ್ಟೆ ಇಡುವುದಕ್ಕೆ. ಸೀರೆಗೆ ಕಣ್ಣೇ ಇಲ್ಲ.

ಸಮಯ ಮುಗಿಯುತ್ತಿದೆಯೆಂದು ಗಾಜಿನ ಆಚೆಯಿಂದ ಸನ್ನೆ ಮಾಡುತ್ತಿದ್ದಾರೆ, ಆದ್ದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಅಳಿವೆಯಲ್ಲಿ ಏಡಿ ಹಿಡಿಯಲು ಸೈಕಲ್ ರಿಮ್ಮಿಗಿಂತ ಒಳ್ಳೆಯ ಸಾಧನವಿಲ್ಲ. ರಿಮ್ಮಿಗೆ ಹಳೆಯ ಬಲೆಯನ್ನು ಸ್ವಲ್ಪ ಜೋಲುವಂತೆ ಕಟ್ಟಿ. ಎರಡು ಬೆರಳಿನ ಅಳತೆ ಮರೆಯಬೇಡಿ. ಈರುಳ್ಳಿ ಚೀಲದ ತುಂಡಿನಲ್ಲಿ ಮೀನಿನ ತಲೆಗಳನ್ನು ಗಂಟು ಕಟ್ಟಿ ನಡುವೆ ಬಿಗಿಯಿರಿ, ಮೂರು ಕಡೆ ಹಗ್ಗ ಹಾಕಿ ಇಳಿಬಿಡಿ, ಕಾಲು ಗಂಟೆಗೊಮ್ಮೆ ಒಂದೇ ಬೀಸಿಗೆ ಮೇಲೆತ್ತಿ. ಹೊಟ್ಟೆಯ ಅಡಿ ಮೊಟ್ಟೆಯ ಗೊಂಚಲು ಹೊತ್ತ ಹೆಣ್ಣೇಡಿ ಬಂದರೆ ಅದನ್ನು ಆ ಕ್ಷಣವೇ ನೀರಿಗೆ ಬಿಡಿ.

ಬ್ಲೀಚಿಂಗ್ ಪುಡಿಯೂ ಮನೆಯ ವಸ್ತು, ಅಡಿಕೆಗೆ ಹೊಡೆಯುವ ಮೈಲುತುತ್ತವೂ ಮನೆಯ ವಸ್ತು. ಅವನ್ನು ಹೊಳೆಯ ಗುಂಡಿಗೆ ಸುರಿಯುವವರಿದ್ದಾರೆ. ವಿಷ ಹಾಕಿ ಮೀನು ಕೊಲ್ಲುವುದನ್ನು ನಮ್ಮ ದೇಶದ ಕಾಯ್ದೆ 1897ರಲ್ಲೇ ಅಪರಾಧವೆಂದು ಸಾರಿದೆ. ವಿಷಕ್ಕೆ ದೊಡ್ಡದು, ಮರಿ ಎಂಬ ಭೇದವಿಲ್ಲ. ಆ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ.

ಸೀಸದ ಗುಂಡು ಬಳಸುವವರು ಅದನ್ನು ದಯವಿಟ್ಟು ಹಲ್ಲಿನಿಂದ ಕಚ್ಚಿ ಬಿಗಿಯಬೇಡಿ, ಇಕ್ಕುಳ ಬಳಸಿ. ಕೊನೆಯದಾಗಿ, ಹರಿದ ನೈಲಾನ್ ದಾರವನ್ನು ದಂಡೆಯಲ್ಲಿ ಬಿಡಬೇಡಿ. ನೀರುಕಾಗೆಯ ಕಾಲಿಗೆ ಸುತ್ತಿಕೊಂಡರೆ ಅದನ್ನು ಬಿಡಿಸುವವರು ಯಾರೂ ಇಲ್ಲ. ಕೈಗಾಳದ ಆ ಬಾಟಲಿಯ ಮುಚ್ಚಳ ತೆಗೆದು, ದಾರದ ತುಂಡುಗಳನ್ನು ಒಳಗೆ ತುರುಕಿ, ಮತ್ತೆ ಮುಚ್ಚಿ ಮನೆಗೆ ತನ್ನಿ.

ನಮಸ್ಕಾರ.