ಹೇಳಿಕೊಂಡರೆ ಮನಸ್ಸು ಹಗುರಾಗುತ್ತಾ? ಸಿಯೆರಾ ಲಿಯೋನ್‌ನ 200 ಹಳ್ಳಿಗಳ ಲೆಕ್ಕ

[ಪರದೆಯಲ್ಲಿ: ಪಶ್ಚಿಮ ಆಫ್ರಿಕಾದ ನಕ್ಷೆ]

ನಮಸ್ಕಾರ. ನಿಮ್ಮ ಅಣ್ಣನನ್ನು ಕೊಂದವನು ನಿಮ್ಮ ಊರಲ್ಲೇ ಇದ್ದಾನೆ. ದಿನಾ ಎದುರಿಗೆ ಸಿಗುತ್ತಾನೆ. ಏನು ಮಾಡುತ್ತೀರಿ?

ಸಿಯೆರಾ ಲಿಯೋನ್‌ನ ಎಷ್ಟೋ ಹಳ್ಳಿಗಳಲ್ಲಿ ಇದೇ ಪಾಡು. 1991ರಲ್ಲಿ ಶುರುವಾದ ಅಂತರ್ಯುದ್ಧ ಮುಗಿದದ್ದು 2002ರಲ್ಲಿ. 50,000ಕ್ಕೂ ಜಾಸ್ತಿ ಜನ ಸತ್ತರು. ಆಮೇಲೆ ವಿಶೇಷ ನ್ಯಾಯಾಲಯವೇನೋ ಬಂತು, ಆದರೆ ಅದು ಆರೋಪ ಹೊರಿಸಿದ್ದು ಬರೀ 13 ಜನರ ಮೇಲೆ. ಉಳಿದವರೆಲ್ಲ ಊರಿಗೆ ವಾಪಸ್ ಬಂದರು.

ಆಗ ಫಾಂಬುಲ್ ಟೋಕ್ ಅನ್ನೋ ಸಂಸ್ಥೆ ಹಳ್ಳಿಗಳಿಗೆ ಹೋಯಿತು. ರಾತ್ರಿ ದೊಡ್ಡದಾಗಿ ಬೆಂಕಿ ಹಾಕುತ್ತಾರೆ. ಊರಿನವರು ಸುತ್ತ ಸೇರುತ್ತಾರೆ. ನೊಂದವರು ಎದ್ದು ನಿಂತು ತಮಗಾದದ್ದನ್ನು ಎಲ್ಲರೆದುರು ಹೇಳುತ್ತಾರೆ. ಮಾಡಿದವರು ಮುಂದೆ ಬಂದು ಒಪ್ಪಿಕೊಂಡು ಕ್ಷಮೆ ಕೇಳುತ್ತಾರೆ. ಶಿಕ್ಷೆ ಇಲ್ಲ, ಪರಿಹಾರದ ದುಡ್ಡೂ ಇಲ್ಲ.

ಇದರಿಂದ ಉಪಯೋಗ ಆಯಿತಾ? ಮೂವರು ಅರ್ಥಶಾಸ್ತ್ರಜ್ಞರು 200 ಹಳ್ಳಿ ಹಿಡಿದರು. ಅರ್ಧದಲ್ಲಿ ಕಾರ್ಯಕ್ರಮ ನಡೆಯಿತು, ಅರ್ಧದಲ್ಲಿ ಇಲ್ಲ. ಯಾವ ಹಳ್ಳಿಗೆ ಅನ್ನೋದನ್ನು ಲಾಟರಿಯ ಥರ ಆರಿಸಿದರು. ಇಲ್ಲದಿದ್ದರೆ ಮೊದಲೇ ಹೊಂದಿಕೊಂಡಿದ್ದ ಊರುಗಳೇ ಮುಂದೆ ಬಂದು, ಫಲಿತಾಂಶ ಸುಮ್ನೆ ಚೆನ್ನಾಗಿ ಕಾಣುತ್ತಿತ್ತು, ಅಲ್ವಾ?

2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಉತ್ತರ ಬಂತು. ಕ್ಷಮಿಸಿದವರು ಹೆಚ್ಚಾದರು. ಸ್ನೇಹ, ಕೊಡುಕೊಳ್ಳುವಿಕೆ ಬೆಳೆಯಿತು. ಊರ ಕೆಲಸಕ್ಕೆ ಜನ ಜಾಸ್ತಿ ಕೈಜೋಡಿಸಿದರು.

[ಸ್ವಲ್ಪ ತಡೆದು]

ಅದೇ ಹಳ್ಳಿಗಳಲ್ಲಿ ಖಿನ್ನತೆ, ಆತಂಕ, ಆಘಾತದ ಲಕ್ಷಣಗಳೂ ಹೆಚ್ಚಾದವು. 9 ತಿಂಗಳ ನಂತರ ನೋಡಿದಾಗಲೂ ಇತ್ತು, 31 ತಿಂಗಳ ನಂತರವೂ ಇತ್ತು. ಹಳೇ ಗಾಯ ಕೆದಕಿದ ಹಾಗಾಗಿತ್ತು. ಊರು ಒಂದಾಯಿತು, ಅದರ ಬೆಲೆ ತೆತ್ತದ್ದು ಒಬ್ಬೊಬ್ಬರ ಮನಸ್ಸು. ನನಗೆ ಕಸಿವಿಸಿಯಾಗುವುದು ಇಲ್ಲೇ. ಬೆಂಕಿಯ ಸುತ್ತ ಕೂತ ಫೋಟೋದಲ್ಲಿ ಈ ಬೆಲೆ ಕಾಣುವುದಿಲ್ಲ.

ರುವಾಂಡಾದ್ದೂ ಹೆಚ್ಚುಕಮ್ಮಿ ಇದೇ ಕಥೆ. ಅಲ್ಲಿ 1994ರ ನರಮೇಧದ ವಿಚಾರಣೆಯನ್ನು ಗಚಾಚಾ ಅನ್ನೋ ಊರ ಪಂಚಾಯಿತಿಗಳೇ ನಡೆಸಿದವು. 2010ರಲ್ಲಿ ಬಂದ ಒಂದು ಸಮೀಕ್ಷೆ ಪ್ರಕಾರ, ಸಾಕ್ಷಿ ಹೇಳಿದವರಲ್ಲಿ ಖಿನ್ನತೆ ಜಾಸ್ತಿ ಇತ್ತು. ಅದು ಸಮೀಕ್ಷೆ ಅಷ್ಟೇ, ಲಾಟರಿ ಪ್ರಯೋಗ ಅಲ್ಲ. ಹಾಗಾಗಿ ಸಾಕ್ಷಿ ಹೇಳಿದ್ದೇ ಕಾರಣ ಅಂತ ಗಟ್ಟಿಯಾಗಿ ಹೇಳಲಾಗದು.

ಹಾಗಂತ ಬಾಯಿ ಮುಚ್ಚಿಸಬೇಕಾ? ಬೇಡ. ಹೇಳಿಸಿದ ಮೇಲೆ ಹೇಳಿದವರ ಕೈ ಬಿಡಬಾರದು. ಆದರೆ ಸಿಯೆರಾ ಲಿಯೋನ್‌ನಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟೇ. ಅದಕ್ಕೇ ಫ್ರೀಟೌನ್‌ನಲ್ಲಿ ಸ್ಥಳೀಯರಿಗೇ ತರಬೇತಿ ಕೊಟ್ಟು, ಯುದ್ಧ ಕಂಡ ಯುವಜನರಿಗೆ ಗುಂಪು ಆಪ್ತಸಮಾಲೋಚನೆ ಮಾಡಿಸಿದರು. 2014ರಲ್ಲಿ ಅದರ ಫಲಿತಾಂಶ ಬಂತು. ಭಾವನೆಗಳ ಮೇಲೆ ಹತೋಟಿ ಸುಧಾರಿಸಿತ್ತು, ಬೇರೆಯವರ ಜೊತೆ ನಡೆದುಕೊಳ್ಳುವ ರೀತಿಯೂ ಸುಧಾರಿಸಿತ್ತು. ಆಘಾತದ ಲಕ್ಷಣಗಳು ಮಾತ್ರ ಹೇಳಿಕೊಳ್ಳುವಷ್ಟು ಕಮ್ಮಿಯಾಗಿರಲಿಲ್ಲ.