ಸೆಕ್ಟರ್‌ಗಳ ಕೆಳಗಿನ ಗದ್ದೆಗಳು

ಎಲ್ಲರಿಗೂ ನಮಸ್ಕಾರ.

ನಾವೀಗ ನವಿ ಮುಂಬೈಯ ನೆರೂಳಿನಲ್ಲಿ ಕೂತಿದ್ದೇವೆ. ವಿಳಾಸ ಕೇಳಿದರೆ ಸೆಕ್ಟರ್ ನಂಬರ್ ಹೇಳುತ್ತೇವೆ. ಆದರೆ ನೆರೂಳ್ ಮೊದಲು ಒಂದು ಹಳ್ಳಿ. ವಾಶಿ, ತುರ್ಭೆ, ಘಣಸೋಲಿ ಎಲ್ಲವೂ ಹಳ್ಳಿಗಳೇ. ಸ್ಟೇಷನ್ ಬೋರ್ಡಿನಲ್ಲಿ ದಿನಾ ಓದುವುದು ಅವುಗಳ ಹೆಸರನ್ನೇ. ಇವತ್ತು ಆ ಊರಿನವರ ವಿಷಯ ಮಾತಾಡುತ್ತೇನೆ.

ಮೊದಲು ನೆಲ ನೋಡೋಣ. ಪಶ್ಚಿಮಕ್ಕೆ ಠಾಣೆ ಖಾರಿ, ಅಂದರೆ ಒಳನುಗ್ಗಿದ ಸಮುದ್ರದ ನೀರು; ಪೂರ್ವಕ್ಕೆ ಪಾರ್ಸಿಕ್ ಗುಡ್ಡ, ನಡುವೆ ಉದ್ದಕ್ಕೂ ತಗ್ಗು. ಇಲ್ಲಿನ ಆಗ್ರಿ, ಕೋಳಿ ಸಮುದಾಯದವರು ಮಣ್ಣಿನ ಒಡ್ಡು ಕಟ್ಟಿ ಉಬ್ಬರದ ನೀರು ತಡೆದು ಭತ್ತ ಬೆಳೆದರು. ಅದೇ ನೀರನ್ನು ಮಡಿಗೆ ಬಿಟ್ಟು ಉಪ್ಪು ತೆಗೆದರು, ಖಾರಿಯಲ್ಲಿ ಮೀನು ಹಿಡಿದರು. ಕುಮಟಾ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಪ್ಪುನೀರಿನ ನಮ್ಮ ಗಜನಿ ಗದ್ದೆ, ಉಪ್ಪು ತಡೆಯುವ ಕಗ್ಗ ಭತ್ತದ ಕೆಲಸವೇ ಅಲ್ವಾ? ಒಡ್ಡು ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ನಡುರಾತ್ರಿಯಾದರೂ ಊರಿಗೆ ಊರೇ ಬುಟ್ಟಿ ಹಿಡಿದು ಓಡಬೇಕು. ಇಲ್ಲಿನವರ ಒಗ್ಗಟ್ಟು ಅಲ್ಲಿಂದ ಬಂದದ್ದು ಎಂದು ನಾನು ನಂಬುತ್ತೇನೆ.

ಹೋರಾಟವೂ ಹೊಸದಲ್ಲ. 1930ರ ಸೆಪ್ಟೆಂಬರ್‌ನಲ್ಲಿ ಉರಣ್ ಹತ್ತಿರದ ಚಿರ್ನೇರ್‌ನಲ್ಲಿ ಬ್ರಿಟಿಷರ ಅರಣ್ಯ ಕಾನೂನಿನ ವಿರುದ್ಧದ ಜಂಗಲ್ ಸತ್ಯಾಗ್ರಹದ ಮೇಲೆ ಗುಂಡು ಹಾರಿತು. 1933ರಿಂದ ಅಲಿಬಾಗ್ ತಾಲೂಕಿನ ಚರಿಯಲ್ಲಿ ಗೇಣಿದಾರರು ಖೋತರ, ಅಂದರೆ ಜಮೀನ್ದಾರರ, ವಿರುದ್ಧ ಆರು ವರ್ಷ ಗದ್ದೆ ಉಳಲೇ ಇಲ್ಲ. ಆರು ವರ್ಷ!

1970ರಲ್ಲಿ ನಗರ ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೋ ಬಂತು. ಮುಂಬೈಯ ಜನಸಂದಣಿ ಇಳಿಸಲು ಖಾರಿಯಾಚೆ ಹೊಸ ನಗರ. ಅದಕ್ಕೆ ಠಾಣೆ, ಪನವೇಲ್, ಉರಣ್ ತಾಲೂಕುಗಳ 95 ಹಳ್ಳಿಗಳ ಜಮೀನು. 1973ರಲ್ಲಿ ವಾಶಿ ಸೇತುವೆ, 1992ರಲ್ಲಿ ರೈಲು. ನಮ್ಮವರು ಹೋಟೆಲು, ಆಫೀಸು, ಮಾರ್ಕೆಟ್ ಅಂತ ಬಂದು ನೆಲೆಸಿದರು. 2011ರ ಜನಗಣತಿಯಲ್ಲಿ ನವಿ ಮುಂಬೈ ಪಾಲಿಕೆಯದ್ದೇ 11.2 ಲಕ್ಷ ಜನಸಂಖ್ಯೆ.

ಜಮೀನು ಕೊಟ್ಟವರ ಕೈಗೆ ಬಂದ ಪರಿಹಾರ ತೀರಾ ಕಡಿಮೆ. ಅದಕ್ಕೇ 1984ರ ಜನವರಿ 16 ಮತ್ತು 17ರಂದು ಉರಣ್ ತಾಲೂಕಿನ ಜಾಸಯಿ ಸುತ್ತಮುತ್ತ ಸಾವಿರಾರು ರೈತರು ರಸ್ತೆಗಿಳಿದರು. ಮುಂದೆ ನಿಂತವರು ಅದೇ ಊರಿನ, ಶೇತಕರಿ ಕಾಮಗಾರ್ (ರೈತ ಕಾರ್ಮಿಕ) ಪಕ್ಷದ ದಿನಕರ ಬಾಳು (ದಿ. ಬಾ.) ಪಾಟೀಲರು. ಪೊಲೀಸರು ಗುಂಡು ಹಾರಿಸಿದರು. ಐದು ಜನ ಸತ್ತರು.

ಆ ಐದು ಜೀವ ಹೋದ ಮೇಲೆ, ತೊಂಬತ್ತರ ದಶಕದಲ್ಲಿ, ಸ್ವಾಧೀನವಾದ ಜಮೀನಿನ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿದ ಪ್ಲಾಟ್ ಆಗಿ ರೈತರಿಗೆ ವಾಪಸ್ ಕೊಡುವ ಯೋಜನೆ ಜಾರಿಗೆ ಬಂತು. ಮನೆ ಹುಡುಕುವಾಗ ಏಜೆಂಟರು 'ಸಾಡೇಬಾರಾ ಟಕ್ಕೆ ಪ್ಲಾಟ್' ಅನ್ನುತ್ತಾರಲ್ಲ, ಅದು ಇದೇ. ನಾನೂ ಅಂಥ ಕಟ್ಟಡದಲ್ಲೇ ಬಾಡಿಗೆಗಿದ್ದೆ. ಆ ಮಾತಿನ ಹಿಂದೆ ಸಾವಿದೆ ಅಂತ ನನಗೆ ಬಹಳ ವರ್ಷ ಗೊತ್ತಿರಲಿಲ್ಲ. ಗೊತ್ತಾದ ದಿನ ನಿದ್ದೆ ಬರಲಿಲ್ಲ.

ನಮ್ಮ ಗಲ್ಲಿಗೆ ಮೀನು ತರುವ ಆಗ್ರಿ ಅಜ್ಜಿ ಒಬ್ಬರಿದ್ದಾರೆ. ಒಮ್ಮೆ ಬುಟ್ಟಿ ಇಳಿಸಿ, ಪಾರ್ಕಿಂಗ್ ಕಡೆ ಕೈ ತೋರಿಸಿ, "ಆ ಎಟಿಎಂವರೆಗೂ ನಮ್ಮ ಗದ್ದೆ" ಅಂದರು. ಬೆರಳಿನಲ್ಲೇ ಗಾಳಿಯಲ್ಲಿ ಒಡ್ಡಿನ ಗೆರೆ ಎಳೆದರು. ಎಲ್ಲಿ ಸೊಟ್ಟ, ಎಲ್ಲಿ ತೂಬು, ಎಲ್ಲಾ ನೆನಪಿದೆ ಅವರಿಗೆ.

ನವಿ ಮುಂಬೈಯ ಹೊಸ ವಿಮಾನ ನಿಲ್ದಾಣಕ್ಕೆ ದಿ. ಬಾ. ಪಾಟೀಲರ ಹೆಸರಿಡಿ ಎಂದು 2021ರ ಜೂನ್‌ನಲ್ಲಿ ಈ ಜನ ಮತ್ತೆ ಕೈಕೈ ಹಿಡಿದು ಸರಪಳಿಯಾಗಿ ನಿಂತರು. ನಮ್ಮಲ್ಲಿ ಎಷ್ಟು ಜನ ಹೋಗಿದ್ದೆವು?

ಬರುವ ಜನವರಿ 16ಕ್ಕೆ ನಾನು ಜಾಸಯಿಗೆ ಹೋಗುತ್ತೇನೆ. ಜೊತೆಗೆ ಬರುವವರು ಚಹಾ ಹೊತ್ತಿಗೆ ಹೆಸರು ಬರೆಸಿ. ಬೆಳಿಗ್ಗೆ ಇಲ್ಲಿಂದಲೇ ಹೊರಡೋಣ.