ಡೂಜಿ ಅಂದರೆ ಕಾರಲ್ಲ

ಕೇಳುಗರಿಗೆ ನಮಸ್ಕಾರ. ಏನಾದರೂ ಭಾರಿ ಚೆನ್ನಾಗಿದ್ದರೆ ನಾವು ಬೊಂಬಾಟ್ ಅಂತೀವಿ, ಸಕತ್ ಅಂತೀವಿ. ನೂರು ವರ್ಷದ ಹಿಂದೆ ಅಮೆರಿಕದವರು ಏನಂತಿದ್ದರು ಗೊತ್ತಾ? ಹಮ್‌ಡಿಂಗರ್, ಲಾಲಾಪಲೂಜಾ, ಕ್ರ್ಯಾಕರ್‌ಜ್ಯಾಕ್, ಡೂಜಿ. ಹೇಳಿ ನೋಡಿ, ಬಾಯಿಗೇ ಖುಷಿ! ಇಂಥ ಪ್ರತಿ ಪದಕ್ಕೂ ಒಂದು ಹುಟ್ಟಿನ ಕಥೆ ಅಂಟಿಕೊಂಡಿರುತ್ತದೆ. ಕಥೆ ಕೇಳಿ, ಬೇಡ ಅನ್ನಲ್ಲ. ಆದರೆ ಮೊದಲು ವರ್ಷ ನೋಡಿ.

ಇಂಡಿಯಾನಾ ರಾಜ್ಯದ ಆಬರ್ನ್ ಊರಲ್ಲಿ ಹಳೇ ಕಾರುಗಳ ಮ್ಯೂಸಿಯಂ ಇದೆ. ಅಲ್ಲಿ ಡ್ಯೂಸೆನ್‌ಬರ್ಗ್ ಮಾಡೆಲ್ ಜೆ ಕಾರಿನ ಮುಂದೆ ನಿಂತಿದ್ದೆ. 1928ರಲ್ಲಿ ಬಂದ ಗಾಡಿ, 265 ಅಶ್ವಶಕ್ತಿ. ಅದೇ ಕಾಲದ ಫೋರ್ಡ್ ಮಾಡೆಲ್ ಎ ಕಾರಿಗೆ ಬರೀ 40. ಪಕ್ಕದಲ್ಲಿ ಒಬ್ಬ ಅಜ್ಜ. ದೇವಸ್ಥಾನಕ್ಕೆ ಬಂದವನ ಹಾಗೆ ಟೋಪಿ ತೆಗೆದು ಕೈಲಿ ಹಿಡಿದಿದ್ದ. "ಇದು ಡೂಜಿ" ಅಂದ. ಆ ಪದ ಹುಟ್ಟಿದ್ದೇ ಈ ಕಾರಿನ ಹೆಸರಿಂದ, ನಮ್ಮಪ್ಪ ಹೇಳಿದ್ದು ಅಂತ ಶುರು ಮಾಡಿದ. ಅವರಪ್ಪ ಇಂಥದ್ದೊಂದನ್ನು ಯಾವುದೋ ಪೆಟ್ರೋಲ್ ಬಂಕ್‌ನಲ್ಲಿ ಕಂಡನಂತೆ, ಕೆಲಸ ಬಿಟ್ಟು ನೋಡುತ್ತಾ ನಿಂತನಂತೆ, ಮನೆಯಲ್ಲಿ ಬೈಸಿಕೊಂಡನಂತೆ. ಅರ್ಧ ಗಂಟೆ ಆಯಿತು.

ನನಗೆ ತಡೆಯಲಾಗಲಿಲ್ಲ. "ಯಜಮಾನ್ರೇ, ಕಂಪನಿ ಶುರುವಾಗಿದ್ದು 1913ರಲ್ಲಿ. ಪದ 1903ರಲ್ಲೇ ಅಚ್ಚಾಗಿದೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತಲ್ಲ!"

"ಹಾಗಾದ್ರೆ ಎಲ್ಲಿಂದ ಬಂತು?"

"ಡೈಸಿ ಅಂತ ಹೂವಿದೆಯಲ್ಲ, ಬಹುಶಃ ಅದರಿಂದ. ಮುಂಚೆ ಚೆನ್ನಾಗಿರೋದನ್ನೆಲ್ಲ ಡೈಸಿ ಅಂತಿದ್ದರು."

ಅಜ್ಜ ಒಮ್ಮೆ ಕಾರಿನ ಬಾನೆಟ್ ನೋಡಿದ, ಒಮ್ಮೆ ನನ್ನನ್ನು ನೋಡಿದ. "ಇದರ ಮುಂದೆ ನಿಂತುಕೊಂಡು ಹೂವು ಅಂತೀಯಲ್ಲಪ್ಪ" ಅಂದವನೇ ಟೋಪಿ ಹಾಕಿಕೊಂಡು ಹೊರಟೇ ಹೋದ. ಇರಲಿ. ವರ್ಷ ಅಂತೂ ನನ್ನ ಕಡೆಗಿದೆ.

ಅಯ್ಯೋ, ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. 1920ರ ದಶಕದ್ದು ಹಾಗೇ ಉಳಿಯಿತು. ಜೇನ್ನೊಣದ ಮಂಡಿ, ಬೆಕ್ಕಿನ ಪೈಜಾಮ, ಹಾವಿನ ಸೊಂಟ. ಎಲ್ಲಕ್ಕೂ ಅರ್ಥ ಒಂದೇ, ಬೊಂಬಾಟ್. ಜೇನ್ನೊಣ ಕಾಲಲ್ಲಿ ಪರಾಗ ಹೊರುತ್ತೆ, ಅದಕ್ಕೇ ಮಂಡಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮುಂಚೆ ಆ ಮಾತಿಗೆ ತೀರಾ ಚಿಕ್ಕದು ಅನ್ನೋ ಅರ್ಥ ಇತ್ತು. ಅಲ್ಲೂ ವರ್ಷ ನೋಡಿ! ಬೆಕ್ಕಿನ ಪೈಜಾಮಕ್ಕೂ ಕಾರಣ ಏನಿಲ್ಲ, ಸುಮ್ನೆ ತಮಾಷೆ. ಪೈಜಾಮ ಅನ್ನೋ ಪದ ಮಾತ್ರ ನಮ್ಮ ಹಿಂದುಸ್ತಾನಿಯಿಂದ ಹೋದದ್ದು. ಬೆಕ್ಕಿಗೆ ತೊಡಿಸಿದವರು ಅವರೇ. ನಮಸ್ಕಾರ.